ಟಪ್ಪಾಲನ್ನು ಅರ್ಥಮಾಡಿಕೊಳ್ಳುವ ಸಿಬ್ಬಂದಿಯನ್ನು ನಿಯಂತ್ರಿಸುವ ಬಗ್ಗೆ

ಸಂಖ್ಯೆ: ಸಾಮಾನ್ಯ/ಅರ್ಥಗ್ರಹಣ/೦೧
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಶಾಲಾ ಅಂತಿಮ ಪರೀಕ್ಷೆಯ ಇಂಗ್ಲಿಷ್ ಗದ್ಯಭಾಗದ ಅಭ್ಯಾಸಕ್ಕೆಂದು ಕಚೇರಿಯ ಪತ್ರಗಳನ್ನು ಓದಿ ಅರ್ಥಮಾಡಿಕೊಂಡಿರುವ ಹಾಗೂ ತತ್ಪರಿಣಾಮವಾಗಿ ಒಬ್ಬರ ಜೀವ ಉಳಿದಿರುವ ಬಗ್ಗೆ.

ಉಲ್ಲೇಖ:
(ಅ) ಕಟ್ಟಡ ಪರಿಶೀಲನಾ ಎಂಜಿನಿಯರರ ಮೂರು ಪುಟಗಳ ಇಂಗ್ಲಿಷ್ ಪತ್ರ. ಬಂದು ಹದಿನಾಲ್ಕು ತಿಂಗಳಾಗಿದೆ.
(ಆ) ಸದರಿ ಪತ್ರದ ಮೇಲಿರುವ ಒಂಬತ್ತು ಮಂದಿಯ ‘ಕಂಡಿದೆ’ ಸಹಿಗಳು.
(ಇ) ರೆಕಾರ್ಡ್ ರೂಮಿನ ಚಾವಣಿಯು ಶುಕ್ರವಾರ ಬೆಳಿಗ್ಗೆ ೧೧.೨೦ಕ್ಕೆ ಖುದ್ದಾಗಿ ಕೆಳಗಿಳಿದು ನೀಡಿದ ಹೇಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ನಿಯಮ ಏಕೆ ಹುಟ್ಟಿತೆಂದು ತಿಳಿಯದವರು ಅದನ್ನು ಮುರಿಯುವಾಗಲೂ ತಪ್ಪು ಮಾಡುವ ಸಂಭವವಿರುವುದರಿಂದ, ಹಿನ್ನೆಲೆಯನ್ನು ನಿಯಮಗಳ ಜೊತೆಯಲ್ಲೇ ವಿವರಿಸಲಾಗಿದೆ.

೧. ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದ, ಎಲ್ಲರೂ ಅಟೆಂಡರಮ್ಮ ಎಂದೇ ಕರೆಯುತ್ತಿದ್ದ ಸಿಬ್ಬಂದಿಯೊಬ್ಬರು ಟೀ ತರುವುದು, ಟಪ್ಪಾಲು ಹಂಚುವುದು, ಲಕೋಟೆಗಳಿಗೆ ಅರಕಿನ ಮೊಹರು ಒತ್ತುವುದು, ಬೆಲ್ಲು ಹೊಡೆದರೆ ಬರುವುದು, ಹೊಡೆಯದಿದ್ದರೂ ಬರುವುದು, ಇಷ್ಟನ್ನೂ ದೂರಿಗೆ ಎಡೆಯಿಲ್ಲದಂತೆ ನಿರ್ವಹಿಸುತ್ತಿದ್ದರು. ಗುಮಾಸ್ತೆಯಾಗಿ ಬಡ್ತಿ ಸಿಗಬೇಕಾದರೆ ಶಾಲಾ ಅಂತಿಮ ಪರೀಕ್ಷೆ ಪಾಸಾಗಿರಬೇಕು, ಅದೂ ನಲವತ್ತೈದು ತುಂಬುವುದರೊಳಗೆ ಎಂಬುದು ನಿಯಮ. ಅವರಿಗೆ ನಲವತ್ತನಾಲ್ಕು ವರ್ಷ ಒಂಬತ್ತು ತಿಂಗಳಾಗಿತ್ತು. ಉಳಿದ ವಿಷಯಗಳೆಲ್ಲ ಪಾಸು. ಇಂಗ್ಲಿಷ್ ಎಂಬ ಕಬ್ಬಿಣದ ಕಡಲೆಯಲ್ಲಿ ಮಾತ್ರ ಎರಡು ಸಲವೂ ಮೂವತ್ತೊಂದು. ಬೇಕಾದದ್ದು ಮೂವತ್ತೈದು. ಮೂರನೆಯ ಸಲ ತಪ್ಪಿದರೆ ನಿವೃತ್ತಿಯ ದಿನವೂ ಕೈಯಲ್ಲಿ ಟೀ ಕೆಟಲೇ ಗತಿ ಎಂಬುದು ಅವರಿಗೆ ಗೊತ್ತಿತ್ತು.

೨. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಬೆಳಗಿನ ಹೊತ್ತು ಅಡುಗೆಮನೆಯಲ್ಲೇ ತಾಯಿಗೆ ಪಾಠ ಹೇಳುತ್ತಿದ್ದಳು. ಗೈಡಿನಲ್ಲಿ ಇದ್ದದ್ದು ಹನ್ನೆರಡು ಗದ್ಯಭಾಗ. ಹನ್ನೆರಡರ ಉತ್ತರಗಳನ್ನೂ ತಾಯಿ ಉರುಹೊಡೆದಾಗಿತ್ತು. ಹಿಂದಿನ ಪರೀಕ್ಷೆಯಲ್ಲಿ ರೈಲ್ವೆ ಸೇತುವೆಯ ಬಗ್ಗೆ ಗದ್ಯಭಾಗ ಬಂದು, ಅದನ್ನು ಕಟ್ಟಿಸಿದವರು ಯಾರು ಎಂದು ಕೇಳಿದಾಗ, ಗೈಡಿನ ಜೇನುಗೂಡಿನ ಗದ್ಯಭಾಗದ ಉತ್ತರವಾದ ‘ರಾಣಿಜೇನು’ ಎಂದು ಬರೆದು ಬಂದದ್ದು ಹೀಗೆ.

“ಅಮ್ಮಾ, ನೀನು ಓದ್ತಾ ಇಲ್ಲ, ಒಪ್ಪಿಸ್ತಾ ಇದ್ದೀಯ” ಎಂದಳು ಮಗಳು. “ಮೊದ್ಲು ಪ್ರಶ್ನೆ ಓದ್ಕೋ. ಯಾರು, ಎಲ್ಲಿ, ಯಾವಾಗ, ಯಾಕೆ. ಆಮೇಲೆ ಪ್ಯಾಸೇಜಲ್ಲಿ ಹುಡುಕು. ಉತ್ತರ ಅಲ್ಲೇ ಎಲ್ಲೋ ಬಚ್ಚಿಟ್ಕೊಂಡಿರತ್ತೆ.”

“ಹೊಸ ಪ್ಯಾಸೇಜ್ ಎಲ್ಲಿಂದ ತರ್ಲಿ ಕಣೇ?”

“ನಿಮ್ಮಾಫೀಸಿಗೆ ಇಂಗ್ಲಿಷ್ ಕಾಗದ ಬರಲ್ವಾ?”

“ಮೂಟೆಗಟ್ಟಲೆ ಬರತ್ತೆ.”

ಇಲಾಖೆಗೆ ಆದ ಮುಜುಗರದ ಮೂಲವು ಈ ಸಂಭಾಷಣೆಯಲ್ಲಿದೆ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಮಗಳು ಈ ಕಚೇರಿಯ ಸಿಬ್ಬಂದಿಯಲ್ಲದ ಕಾರಣ ಆಕೆಯನ್ನು ಅಮಾನತಿನಲ್ಲಿಡಲು ಅವಕಾಶವಿರುವುದಿಲ್ಲ. ಆದರೂ, ಇನ್ನು ಮುಂದೆ ಸಿಬ್ಬಂದಿಯ ಮಕ್ಕಳು ತಂದೆತಾಯಿಗೆ ಪಾಠ ಹೇಳುವ ಮುನ್ನ ಸಂಬಂಧಪಟ್ಟ ಶಾಖೆಯ ಅನುಮತಿ ಪಡೆಯತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೩. ಅಟೆಂಡರಮ್ಮನವರು ಊಟದ ವೇಳೆಯಲ್ಲಿ ಟಪ್ಪಾಲು ಪ್ಯಾಡಿನಿಂದ ಕೇಂದ್ರ ಕಚೇರಿಯ ಒಂದು ಪತ್ರವನ್ನು ಆರಿಸಿಕೊಂಡರು. ಸೂಕ್ತ ಮಟ್ಟದಲ್ಲಿ, ಸೂಕ್ತ ಕಾಲದಲ್ಲಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಗಿದೆ ಎಂಬುದು ಅದರ ಸಾರ. ಯಾರು ತೀರ್ಮಾನಿಸಿದರು? ಏನು ಕ್ರಮ? ಯಾವಾಗ? ಮೂರು ದಿನ ಹುಡುಕಿದರೂ ಒಂದಕ್ಕೂ ಉತ್ತರ ಸಿಗಲಿಲ್ಲ. ಹತ್ತೊಂಬತ್ತು ವರ್ಷ ಈ ಕಾಗದಗಳನ್ನು ಹೊತ್ತರೂ ಒಂದಕ್ಷರ ತಲೆಗೆ ಹತ್ತಲಿಲ್ಲವಲ್ಲ, ತನ್ನದು ಮರದ ತಲೆಯೇ ಸರಿ ಎಂದು ಅವರಿಗೆ ಅಳುವೇ ಬಂತು. ಪತ್ರವನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ ಮಗಳ ಮುಂದಿಟ್ಟರು. ಮಗಳು ಎರಡು ಸಲ ಓದಿದಳು. ಆಮೇಲೆ ತಾಯಿಯ ಕೈ ಹಿಡಿದುಕೊಂಡು, “ಅಮ್ಮಾ, ತಪ್ಪು ನಿಂದಲ್ಲ. ಇದ್ರಲ್ಲಿ ಉತ್ತರಾನೇ ಇಲ್ಲ” ಎಂದಳು.

ಅಂದಿನಿಂದ ಅಟೆಂಡರಮ್ಮನವರಲ್ಲಿ ಒಂದು ಬಗೆಯ ಧೈರ್ಯ ಕಾಣಿಸಿಕೊಂಡಿತು. ಯಾವುದೇ ಸಿಬ್ಬಂದಿಯಲ್ಲಿ ಇಂಥ ಲಕ್ಷಣ ಕಂಡುಬಂದಲ್ಲಿ ಕೂಡಲೇ ವರದಿ ಮಾಡತಕ್ಕದ್ದು.

೪. ಅಭ್ಯಾಸದ ಹುಮ್ಮಸ್ಸಿನಲ್ಲಿ ಅವರು ಪತ್ರಗಳ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಬರೆದು, ಅಳಿಸಲು ಮರೆತದ್ದುಂಟು. ಅಂಥದ್ದೊಂದು ಕಡತ ಸಾಹೇಬರ ಮೇಜಿಗೆ ಹೋಗಿ, ಅಂಚಿನಲ್ಲಿದ್ದ ‘ಯಾಕೆ?’ ಎಂಬುದನ್ನು ಕೇಂದ್ರ ಕಚೇರಿಯ ಆಕ್ಷೇಪಣೆಯೆಂದು ತಿಳಿದ ಅವರು ಸತತ ಎರಡು ದಿನ ಕೆಲಸ ಮಾಡಿದರು. ಮೂರನೆಯ ದಿನ ವೈದ್ಯರ ಸಲಹೆಯ ಮೇರೆಗೆ ರಜೆಯ ಮೇಲೆ ತೆರಳಿದರು. ಆದ್ದರಿಂದ ಕಚೇರಿಯ ಆವರಣದಲ್ಲಿ ಯಾರು, ಎಲ್ಲಿ, ಯಾವಾಗ, ಯಾಕೆ ಎಂಬ ಪದಗಳ ಬಳಕೆಯನ್ನು ನಿಷೇಧಿಸಲಾಗಿದೆ. ‘ಎಷ್ಟು ಪ್ರತಿಗಳಲ್ಲಿ?’ ಎಂದು ಎಂದಿನಂತೆ ಕೇಳಬಹುದು.

೫. ಪರೀಕ್ಷೆ ಸೋಮವಾರವಿದ್ದು, ಅದರ ಹಿಂದಿನ ಮಂಗಳವಾರ ಹಳೆಯ ಕಡತವೊಂದರಲ್ಲಿ ಅವರಿಗೆ ಉಲ್ಲೇಖ (ಅ)ರ ಪತ್ರ ಸಿಕ್ಕಿತು. ಎರಡು ಸಾಲು ಓದುತ್ತಲೇ ಅವರಿಗೆ ಖುಷಿಯಾಯಿತು. ಇದರಲ್ಲಿ ಎಲ್ಲಿ ಎಂದೂ ಇತ್ತು, ಯಾವಾಗ ಎಂದೂ ಇತ್ತು. ಗೈಡಿನ ಗದ್ಯಭಾಗದಷ್ಟೇ ಅಚ್ಚುಕಟ್ಟು. ರೆಕಾರ್ಡ್ ರೂಮಿನ ಸೀಲಿಂಗ್ ಬಗ್ಗೆ ಏನೋ ಬರೆದಿದೆ ಎಂಬುದೂ ತಿಳಿಯಿತು. ಪತ್ರದ ತಲೆಯ ಮೇಲೆ ಅಧೀಕ್ಷಕರು ಹಸಿರು ಶಾಯಿಯಲ್ಲಿ, ‘ಸೀಲಿಂಗ್ ಪರಿಶೀಲಿಸಲಾಗಿದೆ. ಅರಕು ಸಾಕಷ್ಟು ದಾಸ್ತಾನಿದೆ. ಕ್ರಮ ಅಗತ್ಯವಿಲ್ಲ’ ಎಂದು ಷರಾ ಬರೆದಿದ್ದರು. ಅದರ ಕೆಳಗೆ ಒಂಬತ್ತು ಜನ ‘ಕಂಡಿದೆ’ ಎಂದು ಸಹಿ ಹಾಕಿದ್ದರು.

ಅರಕು ಕಾಯಿಸಿ ಬೆರಳು ಸುಟ್ಟುಕೊಂಡವರಿಗೆ ಅರಕಿನ ವಿಷಯ ಗೊತ್ತಿರುತ್ತದೆ. ಅರಕಿನ ಬಗ್ಗೆ ಎಂಜಿನಿಯರ್ ಮೂರು ಪುಟ ಏಕೆ ಬರೆದಾರು? ಪತ್ರವನ್ನು ಹಾಳೆಯಲ್ಲಿ ಬರೆದುಕೊಂಡು ಮನೆಗೆ ಒಯ್ದರು. ಬುಧವಾರ ಬೆಳಿಗ್ಗೆ ಮಗಳು ಡಿಕ್ಷನರಿ ತೆರೆದು ನೋಡಿ, “ಅಮ್ಮಾ, ಈ ಸೀಲಿಂಗ್‌ನ ಮೊದಲಕ್ಷರ ‘ಎಸ್’ ಅಲ್ಲ, ‘ಸಿ’. ಅರಕು ಅಲ್ಲ ಇದು, ತಲೆ ಮೇಲಿರೋ ಚಾವಣಿ. ಯಾವ ಗಳಿಗೇಲಾದ್ರೂ ಕುಸೀಬಹುದು, ಒಳಗೆ ಯಾರೂ ಕೂರಬಾರದು ಅಂತಿದೆ” ಎಂದಳು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಾಯಿಗೆ ತಿಳಿಯಲಿಲ್ಲ. ಆ ರೂಮಿನಲ್ಲಿ ದಿನವಿಡೀ ಒಬ್ಬರು ಕೂರುತ್ತಿದ್ದರು.

ಈ ಬಗೆಯ ಗೊಂದಲ ಮರುಕಳಿಸದಂತೆ, ಇನ್ನು ಮುಂದೆ ಚಾವಣಿಯನ್ನು ‘ನೆಲದ ಎದುರು ಭಾಗ’ ಎಂದೇ ನಮೂದಿಸತಕ್ಕದ್ದು.

೬. ಅದೇ ದಿನ ಕಚೇರಿ ಬಾಗಿಲು ತೆರೆಯುತ್ತಿದ್ದಂತೆ ಅಟೆಂಡರಮ್ಮನವರು ಪತ್ರ ಹಿಡಿದು ಅಧೀಕ್ಷಕರ ಮುಂದೆ ನಿಂತರು. ಅಲ್ಲಿ ನಡೆದ ಮಾತುಕತೆಯನ್ನು ಪಕ್ಕದ ಮೇಜಿನವರು ದೃಢೀಕರಿಸಿರುತ್ತಾರೆ.

“ಸಾರ್, ರೆಕಾರ್ಡ್ ರೂಮು ಬೀಳತ್ತೆ ಅಂತ ಇದ್ರಲ್ಲಿ ಬರ್ದಿದೆ.”

“ಇದನ್ನ ಓದು ಅಂತ ನಿನಗ್ಯಾರು ಹೇಳಿದ್ದು?”

“ಮಗಳು ಸಾರ್.”

“ಒಂಬತ್ತು ಜನ ಕಂಡಿದೆ ಅಂತ ಸಹಿ ಹಾಕಿದ್ದಾರೆ. ಒಂಬತ್ತು ಜನಕ್ಕಿಂತ ನೀನು ದೊಡ್ಡೋಳಾ?”

“ಕಂಡಿದ್ದಾರೆ ಸಾರ್. ಓದಿಲ್ಲ.”

ಅಧೀಕ್ಷಕರು ಟೀ ತರಲು ಹೇಳಿದರು. ಈ ಕುರಿತು ಸ್ಪಷ್ಟಪಡಿಸುವುದೇನೆಂದರೆ, ‘ಕಂಡಿದೆ’ ಎಂಬುದು ಕಣ್ಣಿಗೆ ಮಾತ್ರ ಸಂಬಂಧಿಸಿದ ಪದವಾಗಿರುತ್ತದೆ. ಅರ್ಥವಾಗುವಿಕೆಯು ಯಾವಾಗಲೂ ಮೇಲಿನಿಂದ ಕೆಳಕ್ಕೆ, ಹುದ್ದೆಯ ಕ್ರಮದಲ್ಲಿ ಇಳಿದು ಬರತಕ್ಕದ್ದು. ಮೇಲಿನವರಿಗೆ ಅರ್ಥವಾಗದ ಪತ್ರವು ಕೆಳಗಿನವರಿಗೆ ಆಕಸ್ಮಿಕವಾಗಿ ಅರ್ಥವಾದಲ್ಲಿ, ಅದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮರೆತು, ಮರೆತಿರುವ ಬಗ್ಗೆ ಮುಚ್ಚಳಿಕೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಏನನ್ನು ಮರೆಯಲಾಗಿದೆ ಎಂಬುದನ್ನು ವಿವರವಾಗಿ ನಮೂದಿಸತಕ್ಕದ್ದು.

೭. ರೆಕಾರ್ಡ್ ರೂಮಿನಲ್ಲಿ ಕೂರುತ್ತಿದ್ದವರು ರೆಕಾರ್ಡ್ ತಾತ. ನಿವೃತ್ತಿಗೆ ಎಂಟು ತಿಂಗಳಿತ್ತು. ಅಟೆಂಡರಮ್ಮನವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವ ಕಡತ ಯಾರಿಗೆ ಕೊಡಬೇಕು, ಯಾರಿಗೆ ಕೊಟ್ಟರೆ ವಾಪಸು ಬರುವುದಿಲ್ಲ ಎಂದು ಹೇಳಿಕೊಟ್ಟವರು ಅವರೇ.

“ತಾತ, ಹೊರಗೆ ಬಂದು ಕೂತ್ಕೊಳಿ. ಈ ರೂಮು ಬೀಳತ್ತಂತೆ.”

“ನಾನು ಸೇರಿದಾಗಿಂದ್ಲೂ ಹಾಗೇ ಅಂತಾರೆ. ಇನ್ನೆಂಟು ತಿಂಗಳು ತಡ್ಕೊಳ್ಳತ್ತೆ, ಬಿಡಮ್ಮ.”

ಎಷ್ಟು ಹೇಳಿದರೂ ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಅಟೆಂಡರಮ್ಮನವರಿಗೆ, ಈ ಕಚೇರಿಯಲ್ಲಿ ಕಾರಣ ಹೇಳಿದರೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂಬುದು ನೆನಪಾಯಿತು. “ತಾತ, ಇನ್ಮೇಲೆ ರೂಮೊಳಗೆ ಟೀ ಕೊಡೋ ಹಾಗಿಲ್ಲ. ಆರ್ಡರ್ ಆಗಿದೆ” ಎಂದರು.

“ಆರ್ಡರ್ ಆಗಿದ್ಮೇಲೆ ಮುಗೀತು” ಎಂದು ತಾತ ಎದ್ದು ವರಾಂಡದ ಬೆಂಚಿಗೆ ಬಂದರು.

ಬುಧವಾರ, ಗುರುವಾರ, ಹೀಗೆಯೇ ನಡೆಯಿತು. ಟೀ ಕುಡಿದ ತಾತ ಮತ್ತೆ ಒಳಗೆ ಹೋಗುವುದನ್ನು ನೋಡಲಾಗದೆ ಅಟೆಂಡರಮ್ಮನವರು ಪ್ರತಿಸಲವೂ “ಇನ್ನೊಂದರ್ಧ ಕಪ್ ಹಾಕ್ಲಾ?” ಎಂದು ಕೇಳಿ ಕೂರಿಸಿಕೊಳ್ಳುತ್ತಿದ್ದರು. ಶುಕ್ರವಾರ ಮೂರನೆಯ ಅರ್ಧ ಕಪ್ಪು ತಾತನ ಕೈಯಲ್ಲಿದ್ದಾಗ ಒಳಗಿನಿಂದ ಲಾರಿ ಮಗುಚಿದಂಥ ಸದ್ದು ಕೇಳಿತು. ಬಾಗಿಲಿನಿಂದ ಬಿಳಿ ದೂಳು ಹೊರಗೆ ನುಗ್ಗಿತು. ದೂಳು ತಗ್ಗಿದ ಮೇಲೆ ನೋಡಿದರೆ ತಾತನ ಕುರ್ಚಿಯ ಎರಡು ಕಾಲು ಮಾತ್ರ ಇಟ್ಟಿಗೆಯ ರಾಶಿಯಿಂದ ಹೊರಗೆ ಚಾಚಿಕೊಂಡಿದ್ದವು. ತಾತ ಅದನ್ನು ನೋಡಿ ಕಪ್ಪು ಚಾಚಿ, “ಇನ್ನೊಂದರ್ಧ ಹಾಕಮ್ಮ” ಎಂದರು. ಅಟೆಂಡರಮ್ಮನವರು ಈ ಸಲ ಪೂರ್ತಿ ಕಪ್ಪು ಹಾಕಿದರು.

ಚಾವಣಿ ಬಿದ್ದ ವೇಳೆಯಲ್ಲಿ ತಮ್ಮ ಸ್ಥಾನದಲ್ಲಿ ಇರದಿದ್ದುದಕ್ಕಾಗಿ ರೆಕಾರ್ಡ್ ತಾತನಿಗೆ ಕಾರಣ ಕೇಳುವ ನೋಟೀಸ್ ನೀಡಲಾಗಿದೆ. ಇನ್ನು ಮುಂದೆ ಎಲ್ಲ ಚಾವಣಿಗಳು ಬೀಳುವ ಏಳು ದಿನ ಮೊದಲು ಲಿಖಿತ ಸೂಚನೆ ನೀಡತಕ್ಕದ್ದು. ಬಿದ್ದ ಮೇಲೆ ಸಲ್ಲಿಸುವ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.

೮. ಅಧಿಕಾರವಿಲ್ಲದೆ ಅರ್ಥಮಾಡಿಕೊಂಡ ಆರೋಪದ ಮೇಲೆ ಅಟೆಂಡರಮ್ಮನವರಿಗೆ ಶನಿವಾರ ಇಂಗ್ಲಿಷಿನಲ್ಲಿ ನೋಟೀಸ್ ಕೊಡಲಾಯಿತು. ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಇಂಗ್ಲಿಷ್ ಪರೀಕ್ಷೆಯೂ ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ವಿಚಾರಣೆಗೆ ಹೋಗದಿದ್ದರೆ ಇರುವ ಕೆಲಸ ಹೋಗುತ್ತದೆ, ಹೋದರೆ ಬರುವ ಕೆಲಸ ಹೋಗುತ್ತದೆ. ಭಾನುವಾರ ಅಡುಗೆಮನೆಯಲ್ಲಿ ಮಗಳು ನೋಟೀಸಿಗೆ ಕೈಚಾಚಿದಾಗ ತಾಯಿ ಕೊಡಲಿಲ್ಲ. “ಬೇಡ ಇರು. ನಾನೇ ಓದ್ತೀನಿ.”

ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು. ಹತ್ತೂವರೆಗೆ ಹಾಜರಾತಿಯನ್ನು ಖಚಿತಪಡಿಸತಕ್ಕದ್ದು ಎಂದಿತ್ತು. ಯಾರ ಹಾಜರಾತಿ? ಮೂರು ಸಲ ಹುಡುಕಿದರು. ಎಲ್ಲಿಯೂ ಇರಲಿಲ್ಲ. ಈ ಸಲ ಅಳು ಬರಲಿಲ್ಲ, ನಗು ಬಂತು. ಸಂಜೆಗೆ ಮುಂಚೆ ಹೋಗಿ ತಾತನ ಮನೆಯ ಬಾಗಿಲು ತಟ್ಟಿದರು.

ಸೋಮವಾರ ವಿಚಾರಣಾಧಿಕಾರಿಗಳ ಮುಂದೆ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಅಟೆಂಡರ್ ಎಲ್ಲಿ ಎಂದು ಅವರು ಗದರಿದಾಗ ತಾತ ಹೇಳಿದ್ದಿಷ್ಟು: “ಹಾಜರಾತಿ ಬೇಕು ಅಂತ ಬರ್ದಿದೀರಿ, ಯಾರದ್ದು ಅಂತ ಬರ್ದಿಲ್ಲ ಸಾರ್. ನಾನು ಹಾಜರಿದ್ದೀನಿ. ಆಯಮ್ಮ ಅದನ್ನ ಓದಿದ್ದಕ್ಕೇ ಹಾಜರಿದ್ದೀನಿ.”

ವಿಚಾರಣಾಧಿಕಾರಿಗಳು ನೋಟೀಸನ್ನು ಎರಡು ಸಲ ಓದಿಕೊಂಡರು. ಅದನ್ನು ಬರೆದವರು ಅವರೇ ಆಗಿದ್ದರಿಂದ ವಿಚಾರಣೆಯನ್ನು ಮುಕ್ತಾಯಗೊಳಿಸಲಾಯಿತು.

೯. ಅದೇ ಹೊತ್ತಿಗೆ ಅಟೆಂಡರಮ್ಮನವರು ಹದಿನಾರು ವರ್ಷದ ಮಕ್ಕಳ ನಡುವೆ ಪುಟ್ಟ ಡೆಸ್ಕಿನಲ್ಲಿ ಮಂಡಿ ತುರುಕಿಸಿಕೊಂಡು ಕೂತಿದ್ದರು. ಕೂರುವ ಮುನ್ನ ಒಮ್ಮೆ ತಲೆಯೆತ್ತಿ ಚಾವಣಿ ನೋಡಿಕೊಂಡರೆಂದು ತಿಳಿದುಬಂದಿದೆ. ಗದ್ಯಭಾಗ ದೋಣಿ ರಿಪೇರಿ ಮಾಡುವ ಹೆಂಗಸೊಬ್ಬಳ ಬಗ್ಗೆ. ಪ್ರಶ್ನೆಗಳು ಆರು. ಆರರ ಉತ್ತರವೂ ಅಲ್ಲೇ ಇತ್ತು. ಬರೆದು ಮುಗಿಸಿದ ಮೇಲೆ ಗದ್ಯಭಾಗವನ್ನು ಸುಮ್ಮನೆ ಇನ್ನೊಂದು ಸಲ ಓದಿದರು, ಅಂಕಕ್ಕಲ್ಲ, ಆ ಹೆಂಗಸಿನ ದೋಣಿ ಚೆನ್ನಾಗಿ ತೇಲಿತಲ್ಲ ಎಂಬ ಸಮಾಧಾನಕ್ಕೆ. ಬಂದ ಅಂಕ ನಲವತ್ತೆಂಟು. ನಲವತ್ತೈದು ವರ್ಷ ತುಂಬಲು ಆಗ ಹನ್ನೊಂದು ದಿನ ಬಾಕಿಯಿತ್ತು. ಅಂಕವು ವಯಸ್ಸನ್ನು ಮೀರಿರುವುದರ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ.

೧೦. ನಿಯಮದಂತೆ ಅವರಿಗೆ ಬಡ್ತಿ ನೀಡದೆ ವಿಧಿಯಿರಲಿಲ್ಲ. ಈಗ ಅವರು ಟಪ್ಪಾಲು ಶಾಖೆಯ ಗುಮಾಸ್ತೆ. ಅವರ ಮೇಜಿನ ಮೇಲೆ ಒಂದು ಪೆನ್ಸಿಲ್ ಇರುತ್ತದೆ. ಇಂಥ ಘಟನೆ ಮರುಕಳಿಸದಂತೆ ಸುತ್ತೋಲೆ ಹೊರಡಿಸಲು ಕೇಂದ್ರ ಕಚೇರಿಯಿಂದ ಆದೇಶ ಬಂದಾಗ, ಅಧೀಕ್ಷಕರು ಆ ಕಾಗದವನ್ನು ಅವರ ಮೇಜಿಗೇ ತಂದು, “ಇದರಲ್ಲಿ ಏನಿದೆ ಅಂತ ಸ್ವಲ್ಪ ನೋಡಿ. ಹಾಗೇ ಕರಡೂ ನೀವೇ ಬರೆದುಬಿಡಿ, ನನಗೆ ಪುರುಸೊತ್ತಿಲ್ಲ” ಎಂದರು. ಹತ್ತೊಂಬತ್ತು ವರ್ಷಗಳಿಂದ ಜಾರಿಯಲ್ಲಿದ್ದ ‘ನೀನು’ ಎಂಬುದು ‘ನೀವು’ ಎಂದು ತಿದ್ದುಪಡಿಯಾಗಿರುವುದನ್ನು ಗಮನಿಸಲಾಗಿದೆ.

ಮೇಲಿನ ಎಲ್ಲ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಮಟ್ಟದಲ್ಲಿ ಯಾರಿಂದಲೋ ಏನೋ ಮಾಡಲಾಗುವುದು.

ಸಹಿ/-
ಕಚೇರಿ ಅಧೀಕ್ಷಕರು
(ಕರಡು: ಗುಮಾಸ್ತೆ, ಟಪ್ಪಾಲು ಶಾಖೆ. ಕರಡು ಕಂಡಿದೆ, ಬದಲಾವಣೆ ಇಲ್ಲ.)

ಪ್ರತಿಗಳು:
೧) ಕೇಂದ್ರ ಕಚೇರಿಗೆ, ಮಾಹಿತಿಗಾಗಿ.
೨) ಸಾಹೇಬರಿಗೆ, ರಜೆಯಿಂದ ಮರಳಿದ ಮೇಲೆ, ಮೆಲ್ಲಗೆ.
೩) ಕಟ್ಟಡ ಪರಿಶೀಲನಾ ಎಂಜಿನಿಯರರಿಗೆ, ಅವರ ಪತ್ರ ತಲುಪಿದೆ ಎಂದು ತಿಳಿಸಲು.
೪) ಉಳಿದೆಲ್ಲ ಚಾವಣಿಗಳಿಗೆ, ಅನುಪಾಲನೆಗಾಗಿ.
೫) ರೆಕಾರ್ಡ್ ತಾತನವರಿಗೆ, ಹೊಸ ಕುರ್ಚಿ ಬರುವವರೆಗೆ ಬೆಂಚಿನಲ್ಲೇ ಮುಂದುವರಿಯುವಂತೆ.
೬) ಕಚೇರಿ ಪ್ರತಿ. ರೆಕಾರ್ಡ್ ರೂಮು ಇನ್ನೂ ಆಕಾಶಕ್ಕೆ ತೆರೆದಿರುವುದರಿಂದ, ಇದನ್ನು ಗುಮಾಸ್ತೆಯವರು ತಮ್ಮ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.