ಕಡಲು ಕಾಣುವ ಕೋಣೆಯ ಸೆಕೆ

ಹೊಸ ಮನೆ ಕಟ್ಟಿದವರಿಗೆ ವರ್ಷಕ್ಕೊಂದು ಬುದ್ಧಿ ಬರುತ್ತದಂತೆ. ನನಗೆ ಕೋಣೆಗೊಂದು ಬಂತು. ಇಪ್ಪತ್ತು ವರ್ಷ ಮೀನು ವ್ಯಾಪಾರ ಮಾಡಿ ಬೀಜಾಡಿಯಲ್ಲಿ ಕಟ್ಟಿದ ಮಹಡಿ ಮನೆ ನಮ್ಮದು. ಮೇಲಿನ ಕೋಣೆಯಿಂದ ಕಡಲು ಕಾಣಲೇಬೇಕೆಂದು ನನ್ನ ಹಟ.

"ಹ್ವಾಯ್, ಪಡುಬದಿಗೆ ಇಷ್ಟ್ ದೊಡ್ಡ ಗಾಜ್ ಬ್ಯಾಡ. ಸೆಕಿ ಆತ್ತ್" ಎಂದು ಮೇಸ್ತ್ರಿ ಎರಡು ಸಲ ಹೇಳಿದರು.

"ನೀವ್ ಗಾಜ್ ಹಾಕಿ. ಸೆಕಿ ನಾ ಕಾಂತೆ" ಎಂದೆ.

ಕಂಡೆ.

೧. ಒಕ್ಕಲಿನ ದಿನ

ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಬಂದ ಒಬ್ಬೊಬ್ಬರನ್ನೂ ಕೈಹಿಡಿದು ಮಹಡಿಗೆ ಕರೆದೊಯ್ದೆ. "ಆಹಾ, ಕಡಲ್!" ಎಂದವರು ಎರಡೇ ನಿಮಿಷಕ್ಕೆ ಬೆವರು ಒರೆಸುತ್ತ ಇಳಿಯುತ್ತಿದ್ದರು. ಊಟದ ಹೊತ್ತಿಗೆ ನೋಡಿದರೆ, ಅಡುಗೆಮನೆ ಹಿಂದೆ ನನ್ನ ಅಮ್ಮ ಮಲಗುವ ತಂಪು ಕೋಣೆಯಲ್ಲಿ ಅರ್ಧ ಊರು ಕೂತಿತ್ತು. ಮುಂಬೈಯಲ್ಲಿ ಹೋಟೆಲ್ ನಡೆಸುವ ನನ್ನ ಹೆಂಡತಿಯ ತಮ್ಮ ಕೊನೆಗೆ ಇಳಿದ, ಅಂಗಿ ಕೈಯಲ್ಲಿ.

"ಹ್ಯಾಂಗಿತ್ತ್ ಕೋಣಿ?" ಎಂದೆ, ಎದೆಯುಬ್ಬಿಸಿ.

"ಭಾವ, ತಂದೂರಿ ಒಲಿ ಎದ್ರ್ ನಿಂತ್ ಮೂವತ್ ವರ್ಷ ಆಯ್ತ್. ಒಳ್ಗೆ ಹೊಕ್ಕದ್ದ್ ಇವತ್ತೇ."

೨. ಹಪ್ಪಳ

ಹಲಸಿನ ಕಾಲ. ಬ್ರಹ್ಮಾವರದ ವ್ಯಾಪಾರಿಯೊಬ್ಬರಿಗೆ ಕಡಲು ತೋರಿಸುತ್ತೇನೆಂದು ಮನೆಗೆ ಕರೆತಂದೆ. ಮಹಡಿ ಕೋಣೆಯ ಬಾಗಿಲು ತೆರೆದರೆ ನೆಲ, ಮಂಚ, ಕುರ್ಚಿ, ಎಲ್ಲೆಲ್ಲೂ ಹಪ್ಪಳ. ಹೊರಗೆ ಮೂರು ದಿನ ಬೇಕಾದದ್ದು ಅಲ್ಲಿ ಒಂದೇ ದಿನಕ್ಕೆ ಒಣಗುತ್ತದೆ, ಕಾಗೆಯ ಕಾಟವೂ ಇಲ್ಲ ಎಂದು ಕೇರಿಯ ಹೆಂಗಸರೆಲ್ಲ ತಂದು ಹರಡಿದ್ದರು.

"ಇವ್ರಿಗೆ ಕಡಲ್ ತೋರ್ಸ್ಕಿತ್ತಲೇ!" ಎಂದು ಕೂಗಿದೆ.

ಕೆಳಗಿನಿಂದ ಹೆಂಡತಿ, "ಕಡಲ್ ಎಲ್ಲಿಗೂ ಹೋತಿಲ್ಲೆ. ಹಪ್ಳ ಒಣ್ಗಿದ್ ಮೇಲೆ ಬಪ್ಪುಕ್ ಹೇಳಿ" ಎಂದಳು.

೩. ಹೆಣ್ಣು ನೋಡಲು ಬಂದದ್ದು

ಮಗಳು ನರ್ಸ್. ಅವಳನ್ನು ನೋಡಲು ಯಡ್ತರೆಯಿಂದ ಒಳ್ಳೆಯ ಮನೆತನದವರು ಬಂದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಹೆಂಡತಿ ಕಣ್ಣಲ್ಲೇ ಬೇಡವೆಂದರೂ ಅವರನ್ನು ಮಹಡಿಯಲ್ಲೇ ಕೂರಿಸಿದೆ. ಹುಡುಗನ ಅಂಗಿ ಐದು ನಿಮಿಷದಲ್ಲಿ ಒದ್ದೆ. ಅವನ ತಾಯಿಗೆ ನಾಚಿಕೆಯಾಗಿ, "ಇಂವ ಯಾವತ್ತೂ ಹೀಂಗ್ ಹೆದ್ರುದಿಲ್ಲ" ಎಂದರು. ಸಂಬಂಧ ತಪ್ಪಿತು ಎಂದು ನನಗೂ ಬೆವರು.

ಅಷ್ಟರಲ್ಲಿ ಶರಬತ್ತು ತಂದ ಮಗಳು ಹುಡುಗನ ಮುಖ ನೋಡಿ ನೇರವಾಗಿ ಕೇಳಿದಳು, "ಹೆದ್ರಿಕಿಯಾ, ಸೆಕಿಯಾ?"

"ಎರಡೂ" ಎಂದ ಹುಡುಗ.

"ಸೆಕಿಗೆ ಮದ್ದ್ ಇತ್ತ್. ಕೆಳ್ಗೆ ಬನ್ನಿ" ಎಂದು ಅವನನ್ನು ಅಜ್ಜಿಯ ಕೋಣೆಗೆ ಕರೆದೊಯ್ದಳು. ನನ್ನ ಮಗಳೆಂದು ಆ ಕ್ಷಣ ಹೆಮ್ಮೆಯಾಯಿತು. ಮನೆ ಕಟ್ಟಿದ್ದಕ್ಕಿಂತ ಹೆಚ್ಚು.

ಅರ್ಧ ಗಂಟೆ ನಗು ಕೇಳಿಸುತ್ತಲೇ ಇತ್ತು. ನಾವೆಲ್ಲ ಇಳಿದು ಹೋಗಿ ಬಾಗಿಲಲ್ಲಿ ನಿಂತೆವು. ಹುಡುಗ ಎದ್ದು ನಿಂತು, "ನಂಗೆ ಒಪ್ಪಿಗೆ. ಮದಿ ಆದ್ ಮೇಲೆ ಇಲ್ಲಿಗೆ ಬಂದ್ರೆ ಇದೇ ಕೋಣಿ ಸಿಕ್ತ್ ಅಲ್ದಾ?" ಎಂದ.

ಮಂಚದ ಮೇಲೆ ಕೂತೇ ಇದ್ದ ನನ್ನ ಅಮ್ಮ ಎಲೆಯಡಿಕೆ ದವಡೆಗೆ ಸರಿಸಿ ಹೇಳಿದರು:

"ಹೆಣ್ಣ್ ಕೊಡ್ತೊ ಮಗಾ. ಕೋಣಿ ಮಾತ್ರ ಕೇಳುಕಿಲ್ಲೆ!"