ತೂಕದ ಮಂತ್ರಿಯ ದಾನಪತ್ರ

ಈ ಸಲದ ಪ್ರವಾಸದಲ್ಲಿ ನಮ್ಮ ಗಾಡಿಮನೆಯ ತೂಕವನ್ನು ನಾನೊಬ್ಬನೇ ಇಳಿಸಿ ತೋರಿಸುತ್ತೇನೆ ಎಂದು ಅಡಿಲೇಡ್ ಬಿಡುವ ದಿನವೇ ಘೋಷಿಸಿಬಿಟ್ಟೆ.

"ಇವತ್ತಿನಿಂದ ನಾನು ತೂಕದ ಮಂತ್ರಿ! ಒಂದು ಚಮಚ ಒಳಗೆ ಬಂದ್ರೆ ಒಂದು ಚಮಚ ಹೊರಗೆ ಹೋಗ್ಬೇಕು!"

ನನ್ನ ಹೆಂಡತಿ ಗ್ಲೆನಿಸ್ ಟೀ ಹೀರುತ್ತಾ ನನ್ನ ಹೊಟ್ಟೆಯ ಕಡೆ ನೋಡಿದಳು. "ಒಳ್ಳೇದಾಯ್ತು ಬಿಡು ಲಿನ್. ಎಲ್ಲಿಂದ ಶುರು ಮಾಡ್ತೀಯ?"

ಮಂತ್ರಿಯಾದವನು ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದಿಲ್ಲ.

ನಿವೃತ್ತಿಯಾದ ಮೇಲೆ ವರ್ಷದಲ್ಲಿ ಆರು ತಿಂಗಳು ನಮ್ಮ ಸಂಸಾರವೆಲ್ಲ ಈ ಗಾಡಿಮನೆಯಲ್ಲೇ. ಮಂಚ, ಒಲೆ, ಬಚ್ಚಲು ಎಲ್ಲ ಅದರೊಳಗೇ ಇದೆ. ಉಳಿದವರು ಕಡಲು ನೋಡಲು ಹೋದರೆ ನಾವು ಸಣ್ಣ ಊರಿನ ಮ್ಯೂಸಿಯಂ ಹುಡುಕಿಕೊಂಡು ಹೋಗುತ್ತೇವೆ. ಆ ಊರಲ್ಲಿ ಹಳೆಯ ಸ್ನೇಹಿತರಿದ್ದರಂತೂ ಕೇಳುವುದೇ ಬೇಡ. ನೂರಿಪ್ಪತ್ತು ಬಗೆಯ ಮುಳ್ಳುತಂತಿ, ಹಲ್ಲು ಕೀಳುವ ಹಳೆಯ ಕುರ್ಚಿ, ಎರಡು ತಲೆಯ ಕುರಿಮರಿ, ನಾವು ನೋಡದೆ ಬಿಟ್ಟದ್ದು ಯಾವುದೂ ಇಲ್ಲ! ತೊಂದರೆಯೆಂದರೆ ಸ್ನೇಹಿತರು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಒಬ್ಬರು ಏಪ್ರಿಕಾಟ್ ಜಾಮಿನ ಬಾಟಲಿ ಕೊಟ್ಟರೆ ಇನ್ನೊಬ್ಬರು ಎರಡು ಕುಂಬಳಕಾಯಿ ಹೊರಿಸುತ್ತಾರೆ. ದಾರಿಯಲ್ಲಿ ಗೋಧಿ ಲಾರಿಗಳ ವೇ ಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ ನೋಡಿದರೆ, ಕಾನೂನು ಒಪ್ಪುವುದಕ್ಕಿಂತ ಅರವತ್ತು ಕಿಲೋ ಹೆಚ್ಚು!

"ನಿನ್ನ ಸ್ಪ್ಯಾನರ್ ಪೆಟ್ಟಿಗೆ ಎಷ್ಟು ತೂಗುತ್ತೆ?" ಎಂದಳು ಗ್ಲೆನಿಸ್.

"ಅದು ಜೀವ ಉಳಿಸೋ ಸಾಮಾನು!"

"ಮದ್ವೆಯಾದ ಈ ನಲವತ್ತೆಂಟು ವರ್ಷದಲ್ಲಿ ಯಾರ ಜೀವ ಉಳಿಸಿದೆ ಅಂತ ಒಂದು ಹೆಸರು ಹೇಳು, ನೋಡೋಣ."

ಮಂತ್ರಿಯ ಮಾನ ಉಳಿಸಿಕೊಳ್ಳಲು ಏನಾದರೂ ಮಾಡಲೇಬೇಕಿತ್ತು.

ಮುಂದಿನ ಊರು ಬಿಂಡಾರಿ. ನಮ್ಮ ಮದುವೆಯಲ್ಲಿ ಗ್ಲೆನಿಸಳ ಪಕ್ಕದಲ್ಲಿ ಹೂಗೊಂಚಲು ಹಿಡಿದು ನಿಂತಿದ್ದ ಗೆಳತಿ ಕೊರಾಲಿ ಈಗ ಅಲ್ಲಿನ ಮ್ಯೂಸಿಯಂನ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಕಸ ಗುಡಿಸುವವಳು. ಶನಿವಾರ ಗೆಳತಿಯರಿಬ್ಬರೂ ಹಳೆಯ ಬೆಣ್ಣೆ ಕಡೆಯುವ ಯಂತ್ರದ ಮುಂದೆ ನಿಂತು ಹರಟೆಗೆ ಇಳಿದರು. ಇದೇ ಸಮಯ! ನಾನು ಗಾಡಿಗೆ ಹೋಗಿ ಮಂಚದ ಕೆಳಗಿನ ಮರದ ಪೆಟ್ಟಿಗೆ ಎಳೆದೆ. ಒಳಗೆ ಒಂದು ತುಕ್ಕು ಹಿಡಿದ ಲಾಂದ್ರ, ಗೋಣಿಯಲ್ಲಿ ಸುತ್ತಿದ ಏನೋ ಭಾರದ ಕಬ್ಬಿಣ. ಬಿಚ್ಚಿ ನೋಡುವಷ್ಟು ಪುರುಸೊತ್ತು ಮಂತ್ರಿಗಳಿಗೆ ಎಲ್ಲಿದೆ?

ಮ್ಯೂಸಿಯಂನ ಹಿಂಬಾಗಿಲಲ್ಲಿ ದಾನದ ಮೇಜು, ಅದರ ಮೇಲೆ ಫಾರಂ ಇತ್ತು. ದಾನಿಯ ಹೆಸರು: ಲಿಂಡ್ಸೆ ಟ್ರೆವಿನ್. ಷರತ್ತು: ಏನೂ ಇಲ್ಲ. ದಾನಶೂರನ ಠೀವಿಯಲ್ಲಿ ಸಹಿ ಹಾಕಿದೆ. ಆರು ಕಿಲೋ ಖಲಾಸ್! ಸೀಟಿ ಹೊಡೆಯುತ್ತಾ ಬಂದು ಬೆಣ್ಣೆ ಯಂತ್ರವನ್ನು ಹೊಗಳಿದೆ.

ಮರುದಿನ ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಕೊರಾಲಿಗೆ ನಮ್ಮ ಕಡೆಯಿಂದ ಊಟ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯೆಲ್ಲ ಬೆಂಕಿ ಹಚ್ಚಬಾರದೆಂಬ ಆಜ್ಞೆಯಿತ್ತು. ಅದು ಮುಗಿದ ಮೇಲೆ ಇದೇ ಮೊದಲ ಸೌದೆ ಬೆಂಕಿ. ಕೆಂಡ ಹದವಾಗಿತ್ತು. ಗ್ಲೆನಿಸ್ ಬ್ರೆಡ್ಡಿನ ಹೊರಮೈಗೆ ಬೆಣ್ಣೆ ಸವರಿ, ನಡುವೆ ಚೀಸ್, ಬೇಯಿಸಿದ ಬೀನ್ಸ್ ಕಾಳು ತುಂಬಿ ಸಾಲಾಗಿ ಜೋಡಿಸಿದ್ದಳು.

"ಲಿನ್, ನನ್ನ ಜಾಫಲ್ ಕಬ್ಬಿಣ ತಗೊಂಡ್ಬಾ. ಮಂಚದ ಕೆಳಗಿನ ಪೆಟ್ಟಿಗೇಲಿ, ಗೋಣೀಲಿ ಸುತ್ತಿಟ್ಟಿದ್ದೀನಿ."

ಅಂದರೆ ನಾನು ದಾನ ಕೊಟ್ಟದ್ದು ಅದನ್ನೇ! ಎರಡು ಬಟ್ಟಲು, ಎರಡು ಉದ್ದ ಹಿಡಿ. ನಡುವೆ ಬ್ರೆಡ್ಡು ಮುಚ್ಚಿ ಕೆಂಡಕ್ಕೆ ಹಿಡಿದರೆ ಅಂಚು ಬೆಸೆದುಕೊಂಡು ಜಾಫಲ್ ಗರಿಗರಿಯಾಗಿ ಬರುವ ಆ ಕಬ್ಬಿಣ! ಗಾಡಿಯೊಳಗೆ ಹೋಗಿ ಹತ್ತು ನಿಮಿಷ ಹುಡುಕುವ ನಾಟಕ ಆಡಿದೆ. ಫ್ರಿಜ್ಜಿನೊಳಗೂ ಇಣುಕಿದೆ.

"ಸಿಗ್ಲಿಲ್ವಾ?" ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು. "ಅಯ್ಯೋ, ಪೆಟ್ಟಿಗೇನೇ ಇಲ್ವಲ್ಲ!"

"ಗ್ಲೆನ್... ಅದು... ಬಹಳ ಗೌರವದ ಜಾಗದಲ್ಲಿದೆ."

ಹೇಳಿಬಿಟ್ಟೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಬೆಣ್ಣೆ ಸವರಿದ ಬ್ರೆಡ್ಡು ಕೈಯಲ್ಲಿ ಹಿಡಿದುಕೊಂಡೇ ಗಾಡಿಯ ಮೆಟ್ಟಿಲ ಮೇಲೆ ಕೂತಳು.

"ಅಮ್ಮನ ಮನೆ ಖಾಲಿ ಮಾಡ್ದಾಗ ನಾನು ತಗೊಂಡಿದ್ದು ಅದೊಂದೇ ಲಿನ್. ಉಳಿದಿದ್ದೆಲ್ಲ ಅಕ್ಕಂದಿರಿಗೆ ಬಿಟ್ಕೊಟ್ಟೆ."

ನಲವತ್ತೆಂಟು ವರ್ಷದಲ್ಲಿ ಅವಳ ಬೈಗುಳ ನನಗೆ ಅಭ್ಯಾಸವಾಗಿದೆ. ಈ ಸಣ್ಣ ದನಿ ಅಭ್ಯಾಸವಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೊರಾಲಿ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. "ನೀವಿಬ್ರೂ ಸೇರಿ ಕೊಟ್ಟಿದ್ದು ಅನ್ಕೊಂಡೆ ಕಣೇ! ನಿನ್ನೆ ಸಂಜೇನೇ ನಂಬರ್ ಬರೆದ್ಬಿಟ್ಟೆ. ಬಿಳೀ ಬಣ್ಣದಲ್ಲಿ!"

ನಂಬರ್ ಬಿದ್ದ ಮೇಲೆ ಸಾಮಾನು ಮ್ಯೂಸಿಯಂನದು. ಅಧ್ಯಕ್ಷೆಯೇ ಅತ್ತರೂ ಹೊರಗೆ ಬರುವಂತಿಲ್ಲ. ಮೂವರೂ ಅಲ್ಲಿಗೆ ಓಡಿದೆವು. ಗಾಜಿನ ಪೆಟ್ಟಿಗೆಯಲ್ಲಿ, ಬಿಳಿ ಬಟ್ಟೆಯ ಮೇಲೆ, ನನ್ನತ್ತೆಯ ಜಾಫಲ್ ಕಬ್ಬಿಣ ಮಹಾರಾಣಿಯ ಹಾಗೆ ಮಲಗಿತ್ತು. ಪಕ್ಕದಲ್ಲಿ ಕೊರಾಲಿಯ ಅಂದದ ಅಕ್ಷರದ ಚೀಟಿ:

"ಅಡುಗೆ ಸಲಕರಣೆ, ಅಂದಾಜು 1950. ಹಿಡಿ ಮುರಿದಿದ್ದು, ಅನನುಭವಿ ಕೈಯೊಂದು ತಂತಿ ಸುತ್ತಿದೆ. ದಾನಿ: ಲಿಂಡ್ಸೆ ಟ್ರೆವಿನ್."

"ಆ ಅನನುಭವಿ ಕೈ ಇವನದೇ," ಎಂದಳು ಗ್ಲೆನಿಸ್. "ಮದ್ವೆಗೆ ಮುಂಚೆ ಅಮ್ಮನ ಹತ್ರ ಇದನ್ನ ಇಸ್ಕೊಂಡು ಗಾಳ ಹಾಕೋಕೆ ಹೋಗಿದ್ವಿ. ಹಿಡಿ ಮುರೀತು. ಗಾಳದ ತಂತೀನೇ ಕಿತ್ತು ಸುತ್ಕೊಟ್ಟ. ಇವನು ರಿಪೇರಿ ಮಾಡಿದ್ರಲ್ಲಿ ಇವತ್ತಿಗೂ ನೆಟ್ಟಗಿರೋದು ಅದೊಂದೇ."

ನನಗೆ ಆ ದಿನ ನೆನಪಾಯಿತು. ಮೀನು ಒಂದೂ ಸಿಕ್ಕಿರಲಿಲ್ಲ.

"ಒಂದೇ ದಾರಿ," ಎಂದಳು ಕೊರಾಲಿ, ನಿಯಮದ ಪುಸ್ತಕ ತಿರುವಿ. "ದಾನ ಮಾಡಿದವನು ಅದರ ಯಜಮಾನನೇ ಅಲ್ಲ ಅಂತಾದ್ರೆ ವಾಪಸ್ ಕೊಡಬಹುದು. ಅದನ್ನ ಅವನೇ ಬರೆದು ಕೊಡ್ಬೇಕು. ಸಮಿತಿ ಐದೂ ಜನ ಒಪ್ಪಬೇಕು."

ಗ್ಲೆನಿಸಳ ಮುಖದಲ್ಲಿ ಆ ದಿನ ಮೊದಲ ಸಲ ಕಳೆ ಬಂತು. "ನಾನು ಹೇಳ್ತೀನಿ, ನೀನು ಬರಿ."

ಬರೆದೆ! "ಲಿಂಡ್ಸೆ ಟ್ರೆವಿನ್ ಎಂಬ ನಾನು, ನನ್ನದಲ್ಲದ ಕಬ್ಬಿಣವನ್ನು, ಬಿಚ್ಚಿಯೂ ನೋಡದೆ, ಹೆಂಡತಿಯನ್ನು ಕೇಳದೆ, ಮಹಾದಾನಿಯಂತೆ ಸೀಟಿ ಹೊಡೆಯುತ್ತಾ ಕೊಟ್ಟಿದ್ದೇನೆ."

"ಸೀಟಿ ಹೊಡೆದದ್ದು ನಿನಗೆ ಹೇಗೆ ಗೊತ್ತು?"

"ಊರಿಗೇ ಕೇಳಿಸ್ತು. ಮುಂದೆ ಬರಿ. 'ನನ್ನ ಸ್ವಂತ ಸ್ಪ್ಯಾನರ್ ಪೆಟ್ಟಿಗೆ ಪಕ್ಕದಲ್ಲೇ ಇತ್ತು.'"

ಸೋಮವಾರ ಬೆಳಗಿನ ಟೀಗೆ ಸಮಿತಿ ಸೇರಿತು. ನನ್ನ ತಪ್ಪೊಪ್ಪಿಗೆಯನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು, ಎರಡು ಸಲ. ಒಬ್ಬ ಮುದುಕನಿಗೆ ಮೊದಲ ಸಲ ಸರಿಯಾಗಿ ಕೇಳಿಸಿರಲಿಲ್ಲವಂತೆ! ಐದೂ ಕೈ ಮೇಲೆದ್ದವು. ಗ್ಲೆನಿಸ್ ಕಬ್ಬಿಣವನ್ನು ಎದೆಗವಚಿಕೊಂಡಳು. ಖಾಲಿಯಾದ ಗಾಜಿನ ಪೆಟ್ಟಿಗೆಯಲ್ಲಿ ನನ್ನ ತಪ್ಪೊಪ್ಪಿಗೆ ಪತ್ರವನ್ನಿಟ್ಟು ಕೊರಾಲಿ ಬೀಗ ಹಾಕಿದಳು. ಅದಕ್ಕೂ ಒಂದು ನಂಬರ್ ಬಿತ್ತು. ದಾನದ ಫಾರಂನಲ್ಲಿ ಈಗ ಹೊಸದೊಂದು ಸಾಲೂ ಇದೆ: "ಮನೆಯವರಿಗೆ ತಿಳಿದಿದೆಯೇ?"

ಆ ಫಾರಂ ಮೊದಲು ತುಂಬಿದವನೂ ನಾನೇ. ಸ್ಪ್ಯಾನರ್ ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ಹೊತ್ತು ತಂದು ದಾನದ ಮೇಜಿನ ಮೇಲಿಟ್ಟೆ. ಗ್ಲೆನಿಸ್ ಸಂತೋಷದಿಂದ ಸಹಿ ಹಾಕಿದಳು. ಆಮೇಲೆ ಹೊಳೆಯ ದಂಡೆಯಲ್ಲಿ ಮೂವರೂ ಜಾಫಲ್ ತಿಂದೆವು. ನಾನು ನಾಲಿಗೆ ಸುಟ್ಟುಕೊಂಡೆ, ಯಾರಿಗೂ ಹೇಳಲಿಲ್ಲ.

ಊರು ಬಿಡುವಾಗ ಮತ್ತೆ ವೇ ಬ್ರಿಡ್ಜ್ ಹತ್ತಿದೆವು. ಇನ್ನೂ ಹದಿನೈದು ಕಿಲೋ ಹೆಚ್ಚು!

"ಇನ್ನೇನಿದೆ ಇಳಿಸೋಕೆ ಗ್ಲೆನ್?" ಎಂದೆ ಸೋತ ದನಿಯಲ್ಲಿ. "ನನ್ನನ್ನೇ ಕೊರಾಲಿಗೆ ಕೊಟ್ಟು ಹೋಗ್ಬಿಡು."

ಗ್ಲೆನಿಸ್ ಕೈಚೀಲದಿಂದ ಮ್ಯೂಸಿಯಂನ ಖಾಲಿ ಚೀಟಿಯೊಂದನ್ನು ತೆಗೆದು, ತೊಡೆಯ ಮೇಲಿಟ್ಟುಕೊಂಡು ಏನೋ ಬರೆದಳು. ಅದನ್ನು ನನ್ನ ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿ, ಕಾಲರ್ ಸರಿಮಾಡಿ, ಕೆನ್ನೆ ತಟ್ಟಿದಳು. ಕನ್ನಡಿಯಲ್ಲಿ ಅಕ್ಷರ ತಿರುಗಾಮುರುಗಾ ಕಂಡಿತು, ಬಗ್ಗಿ ಓದಿದೆ.

"ಗಂಡ, ಅಂದಾಜು 1946. ಖಾಯಂ ಸಂಗ್ರಹ, ದಾನಕ್ಕಿಲ್ಲ. ತೂಕ ಇಳಿಸಲು ಅನುಮತಿ ಇದೆ."