ದೊಡ್ಡಮುನಿಯಮ್ಮನ ಅದುರದ ಸುತ್ತಿಗೆ

ಸುತ್ತಿಗೇಲಿ ಹೊಡೆದ್ರೆ ಏಟು ಕಲ್ಲಿಗೆ ಮಾತ್ರ ಬೀಳಲ್ಲ, ಹೊಡೆದೋರ ಕೈಗೂ ಬೀಳುತ್ತೆ ಅನ್ನೋ ಸಂಗತಿ ಸರ್ಕಾರದ ಗಮನಕ್ಕೆ ಬಂದಿದೆ. ಗಮನಕ್ಕೆ ಬಂದಿದ್ದು ಹೋದ ವರ್ಷ. ದೊಡ್ಡಮುನಿಯಮ್ಮನ ಕೈಗೆ ಬಂದು ಹನ್ನೊಂದು ವರ್ಷ ಆಯ್ತು.

ಬಸವನಗುಡಿ ಹೋಟ್ಲುಗಳಲ್ಲಿ ಗ್ರೈಂಡರ್ ಕಲ್ಲು ಸವೆದು ನುಣ್ಣಗಾದ್ರೆ ಹಿಟ್ಟು ನುರಿಯಲ್ಲ. ಆಗ ಆಯಮ್ಮ ಬರ್ಬೇಕು. ಕಲ್ಲಿನ ಮುಂದೆ ಚಕ್ಕಳಮಕ್ಕಳ ಕೂತು, ಉಳಿ ಇಟ್ಟು, ಟಕಟಕ ಹೊಡೆದು ಒರಟು ಮಾಡ್ಬೇಕು. ಆಮೇಲೆ ಇಡ್ಲಿ ಮಲ್ಲಿಗೆಯಂಗೆ ಆದ್ರೆ ಜನ ಉದ್ದಿನಬೇಳೇನ ಹೊಗಳ್ತಾರೆ, ಅದು ಬೇರೆ ಮಾತು.

ಈಚೆಗೆ ಬಲಗೈ ಬೆರಳು ಮರಗಟ್ಟಿ ರಾಗಿಮುದ್ದೆ ಮುರಿಯೋಕೂ ಬರ್ತಿರ್ಲಿಲ್ಲ. ಹಿಂಗೇ ಹೊಡೀತಿದ್ರೆ ಕೈ ಪೂರ್ತಿ ಹೋಗುತ್ತೆ ಅಂದ್ರು ಡಾಕ್ಟ್ರು. ಹೊಡೆಯೋದು ಬಿಟ್ರೆ ಹೊಟ್ಟೆಗೇನು? ಅದನ್ನ ಡಾಕ್ಟ್ರು ಬರೆದುಕೊಡ್ಲಿಲ್ಲ.

"ಫೋನ್ ಥರ ಕೈನೂ ವೈಬ್ರೇಟಲ್ಲಿ ಇಟ್ಟಿದ್ದೀರಲ್ಲ ಅತ್ತೆ," ಅಂದ್ಲು ಸೊಸೆ ಸಂಧ್ಯಾ. ಅವಳೇ ಪೇಪರಿನ ಪ್ರಕಟಣೇನೂ ಓದಿದ್ಲು:

"ಹೊಡೆಯುವ ವೃತ್ತಿಯ ಸಮಸ್ತರ ಗಮನಕ್ಕೆ. ಕೈಯದುರು ನಿವಾರಣಾ ಮಂಡಳಿಯಿಂದ ಅರ್ಹರಿಗೆ ಅದುರುರಹಿತ ಸುತ್ತಿಗೆಯನ್ನು ಉಚಿತವಾಗಿ ವಿತರಿಸಲಾಗುವುದು. ಅರ್ಜಿದಾರರು ತಮ್ಮ ಅದುರಿನೊಂದಿಗೆ ಖುದ್ದು ಹಾಜರಾಗತಕ್ಕದ್ದು."

ಅತ್ತೆ ಸೊಸೆ ಇಬ್ಬರೂ ಹೋದ್ರು. ಮಂಡಳಿಯ ಚಾಮರಾಜಪೇಟೆ ಆಫೀಸಲ್ಲಿ ಅಧಿಕಾರಿ ವೃಷಭೇಂದ್ರಪ್ಪ ಕೂತಿದ್ರು. ಅದುರು ಅಳೆಯೋ ಮಿಷನ್ ಬಂದಿದೆ, ಡಬ್ಬ ಬಿಚ್ಚೋಕೆ ಆದೇಶ ಬಂದಿಲ್ಲ ಅಂದ್ರು. ಅಲ್ಲೀವರೆಗೂ ತಾತ್ಕಾಲಿಕ ವ್ಯವಸ್ಥೆ: ಲೋಟದ ಅಂಚಿನವರೆಗೂ ಕಾಫಿ ತುಂಬಿ ಕೈಗೆ ಕೊಡೋದು, ಹತ್ತು ಹೆಜ್ಜೆ ನಡೆಸೋದು. ನೆಲಕ್ಕೆ ಬಿದ್ದಷ್ಟು ಅದುರು.

ದೊಡ್ಡಮುನಿಯಮ್ಮ ಹುಟ್ಟಿದಾಗಿಂದ ಒಂದು ತೊಟ್ಟು ಕಾಫಿ ನೆಲಕ್ಕೆ ಬಿಟ್ಟೋರಲ್ಲ. ಲೋಟ ತುಳುಕೋದು ಕಂಡಿದ್ದೇ ಬಗ್ಗಿ ಸೊರ್ರ್ ಅಂತ ಒಂದು ಗುಟುಕು ಎಳ್ಕೊಂಡ್ರು.

"ಇನ್ನು ಚೆಲ್ಲಲ್ಲ ಬಿಡಿ ಸ್ವಾಮಿ," ಅಂದ್ರು ಖುಷಿಯಾಗಿ. ಹತ್ತು ಹೆಜ್ಜೆ ಹೋದ್ರು, ಚೆಲ್ಲಲಿಲ್ಲ.

"ಅದುರು ಕಂಡುಬಂದಿರುವುದಿಲ್ಲ," ಅಂತ ಬರೆದ್ರು ವೃಷಭೇಂದ್ರಪ್ಪ. "ಮುಂದಿನ ತಿಂಗಳು ಬನ್ನಿ ಅಮ್ಮ. ಚೆನ್ನಾಗಿ ಅದುರಿಸ್ಕೊಂಡು ಬನ್ನಿ."

ಸಂಧ್ಯಾ ಹಣೆ ಹಣೆ ಬಡ್ಕೊಂಡ್ಲು. "ಆಫೀಸ್ ಕಾಫಿ ಅತ್ತೆ ಅದು! ಚೆಲ್ಲಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

ಮುಂದಿನ ತಿಂಗಳು ಆಯಮ್ಮ ತುಟಿ ಬಿಗಿಹಿಡಿದು ನಡೆದ್ರು. ಏಳನೇ ಹೆಜ್ಜೆಗೆ ಅರ್ಧ ಲೋಟ ವೃಷಭೇಂದ್ರಪ್ಪನವರ ಫೈಲ್ ಮೇಲೆ. ಅವರು ಕೋಪ ಮಾಡ್ಕೊಳ್ಳಲಿಲ್ಲ. ಕಲೆ ಸುತ್ತ ಪೆನ್ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸೀಲ್ ಹೊಡೆದು, ಪುರಾವೆ ಮಾಡ್ಕೊಂಡ್ರು.

ಸುತ್ತಿಗೆ ಸಿಕ್ತು. ತಲೆ ರಬ್ಬರ್, ಹಿಡಿ ಸ್ಪಂಜು. ಹಳೇ ಕಬ್ಬಿಣದ್ದನ್ನ ಮಂಡಳಿಗೆ ಒಪ್ಪಿಸ್ಬೇಕಿತ್ತು. ಒಬ್ಬ ಫಲಾನುಭವಿಗೆ ಒಂದೇ ಸುತ್ತಿಗೆ, ನಿಯಮ ಹದಿನಾಲ್ಕು.

ಪ್ರಭುದೇವನ ಇಡ್ಲಿ ಹೋಟ್ಲಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಹೊಡೆದ್ರು. ಉಳಿ ಕಲ್ಲಿಗೆ ಮುತ್ತು ಕೊಟ್ಟು ಕೊಟ್ಟು ವಾಪಸ್ ಬಂತು. ಕೈ ಸ್ವಲ್ಪಾನೂ ಅದುರಲಿಲ್ಲ. ಕಲ್ಲೂ ಹಂಗೇ ಇತ್ತು.

ಆಯಮ್ಮ ಓಡಿದ್ರು ಚಾಮರಾಜಪೇಟೆಗೆ. "ಸ್ವಾಮಿ, ಕಲ್ಲಿಗೆ ಏನೂ ಆಗ್ತಿಲ್ಲ!"

"ಕೈಗೆ?"

"ಕೈಗೂ ಏನೂ ಆಗ್ತಿಲ್ಲ."

"ಭೇಷ್," ಅಂದ್ರು ವೃಷಭೇಂದ್ರಪ್ಪ. "ನಾವು ಕೈ ಒಂದನ್ನೇ ಕಾಪಾಡೋಣ ಅಂತಿದ್ವಿ. ಕಲ್ಲೂ ಬಚಾವಾಗಿದೆ. ನೂರಕ್ಕೆ ಇನ್ನೂರು ಗುರಿ ಸಾಧನೆ!"

"ಹೋಟ್ಲೋರು ಬೇರೆಯೋರ್ನ ಕರೀತಾರೆ ಸ್ವಾಮಿ. ನನ್ನ ಹಳೇದು ಕೊಟ್ಬಿಡಿ, ಮೆತ್ತಗೆ ಹೊಡ್ಕೋತೀನಿ."

ಹಳೇದು ಆಗಲೇ ಗಾಜಿನ ಪೆಟ್ಟಿಗೇಲಿತ್ತು. "ಆಘಾತಕಾರಿ ವಸ್ತು, ಮುಟ್ಟಬಾರದು" ಅಂತ ಚೀಟಿ. ಅದಕ್ಕೊಬ್ಬ ವಾಚ್‌ಮನ್ ಬೇರೆ.

ಇನ್ನು ಕೆಲಸ ಹೋಯ್ತು ಅಂತ ಆಯಮ್ಮ ಮನೆಗೆ ಬಂದು ಮೂಲೇಲಿ ಕೂತ್ರು. ಆದ್ರೆ ವೃಷಭೇಂದ್ರಪ್ಪ ಸುಮ್ಮನೆ ಕೂರೋ ಆಸಾಮಿ ಅಲ್ಲ. ನಾಲ್ಕೇ ದಿನಕ್ಕೆ ಸುತ್ತೋಲೆ ಹೊರಡಿಸಿದ್ರು: ಇನ್ನುಮುಂದೆ ಅದುರುರಹಿತ ಸುತ್ತಿಗೆ ಮುಟ್ಟಿದ ಕಲ್ಲನ್ನು ಒರಟು ಎಂದೇ ಪರಿಗಣಿಸತಕ್ಕದ್ದು. ಅಂಥ ಕಲ್ಲಿರುವ ಹೋಟ್ಲಿಗೆ ಪ್ರಶಸ್ತಿಪತ್ರ.

ಪ್ರಭುದೇವ ತಾನೇ ಸ್ಕೂಟರಲ್ಲಿ ಬಂದ. "ಸೋಮವಾರ ಸೋಮವಾರ ಬಂದ್ಬಿಡಿ ಅಮ್ಮ. ಕಲ್ಲನ್ನ ಗಿರಾಕಿಗಳ ಎದುರಿಗೇ ಇಟ್ಟಿದ್ದೀನಿ."

"ನುಣ್ಣಗೇ ಇದೆಯಲ್ಲಪ್ಪ ಕಲ್ಲು?"

"ಸುತ್ತೋಲೆ ಪ್ರಕಾರ ಒರಟಾಗಿದೆ. ನೀವ್ಯಾಕೆ ಅನುಮಾನ ಪಡ್ತೀರಿ?"

ಹಿಟ್ಟು ರವೆರವೆಯಾಗಿ ಬಂತು, ಇಡ್ಲಿ ಗುಂಡುಕಲ್ಲಾಯ್ತು. ಪ್ರಭುದೇವ ಅದಕ್ಕೆ "ಅದುರುರಹಿತ ಇಡ್ಲಿ" ಅಂತ ಬೋರ್ಡ್ ಹಾಕಿದ. ಮಲ್ಲೇಶ್ವರದಿಂದೆಲ್ಲ ಜನ ಮೆಟ್ರೋ ಹತ್ತಿ ಬಂದು ಕ್ಯೂ ನಿಂತ್ರು. ಅಗಿದು ಅಗಿದು ಹಲ್ಲು ಜುಮ್ಮಂತು, ದವಡೆ ನಡುಗೋಕೆ ಶುರುವಾಯ್ತು. ಇತ್ತ ದೊಡ್ಡಮುನಿಯಮ್ಮನ ಬೆರಳಿಗೆ ಜೀವ ಬಂತು. ಮುದ್ದೆ ಮುರಿದ್ರು, ಸೊಸೆ ಕೆನ್ನೆಯನ್ನೂ ಗಿಲ್ಲಿದ್ರು.

ದವಡೆ ದೂರುಗಳು ಮಂಡಳಿಗೆ ಹೋದ್ವು. ಉತ್ತರ ಬಂತು: "ಸದರಿ ಅದುರು ದೊಡ್ಡಮುನಿಯಮ್ಮನವರ ಕೈಯಿಂದ ಸಾರ್ವಜನಿಕರ ದವಡೆಗೆ ವರ್ಗಾವಣೆಗೊಂಡಿದ್ದು, ಹೊಸ ಸ್ಥಳದಲ್ಲಿ ಕರ್ತವ್ಯಕ್ಕೆ ಹಾಜರಾಗಿರುತ್ತದೆ."

ಜನಕ್ಕೆ ಸಮಾಧಾನ ಆಯ್ತು. ವರ್ಗಾವಣೆ ತಾನೆ, ಮೂರು ವರ್ಷಕ್ಕೆ ಇನ್ನೆಲ್ಲಿಗೋ ಹೋಗುತ್ತೆ.

ಮುಂದಿನ ಸೋಮವಾರ ಆಯಮ್ಮ ನಾಚಿಕೆಯಿಂದ ತಲೆ ಬಗ್ಗಿಸ್ಕೊಂಡೇ ಸುತ್ತಿಗೆ ಎತ್ತಿದ್ರು. ದವಡೆಗೆ ಪಟ್ಟಿ ಕಟ್ಕೊಂಡಿದ್ದ ಒಬ್ಬ ಹಿರಿಯರು ತಟ್ಟೆ ಹಿಡ್ಕೊಂಡೇ ಪಕ್ಕಕ್ಕೆ ಸರಿದು ಜಾಗ ಬಿಟ್ರು.

"ಹೊಡೀರಿ ತಾಯಿ, ಹೊಡೀರಿ. ನಿಮ್ಮ ಕೈ ಚೆನ್ನಾಗಿದ್ರೆ ಸಾಕು," ಅಂತ ಹಲ್ಲು ಕಚ್ಕೊಂಡು ಹೇಳಿ, ಇನ್ನೊಂದು ಪ್ಲೇಟ್ ಇಡ್ಲಿ ತರ್ಸಿದ್ರು.